ಕಿವಿಯ ಬಳಿ ಮೂಡಿದ ಮೊದಲ ನರೆ

ಮನುಷ್ಯನ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಅವುಗಳಲ್ಲಿ ಒಂದು ಬೆಳ್ಳಗಾಯಿತೆಂದರೆ ಲೆಕ್ಕಕ್ಕೆ ತೆಗೆದುಕೊಳ್ಳುವಂಥ ನಷ್ಟವೇನೂ ಅಲ್ಲ. ಆದರೂ ಅದನ್ನು ಕಂಡವನು ಕನ್ನಡಿಯ ಮುಂದಿನಿಂದ ಬೇಗನೆ ಸರಿದುಹೋಗಲಾರ. ಹತ್ತಿರ ಬಂದು ನೋಡುತ್ತಾನೆ. ಬೆಳಕಿನ ಕಡೆಗೆ ತಿರುಗಿ ಮತ್ತೊಮ್ಮೆ ನೋಡುತ್ತಾನೆ. ಎರಡು ಬೆರಳುಗಳ ನಡುವೆ ಹಿಡಿದು ಕಿತ್ತು, ಅಂಗೈಯ ಮೇಲಿಟ್ಟುಕೊಂಡು, ಇದು ನನ್ನದೇ ಹೌದೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಾನೆ. ಹೆಂಗಸರಾದರೆ ಬೈತಲೆಯನ್ನು ಬದಲಿಸಿ ಬಾಚಿ, ಬೇರೆ ಯಾರ ಕಣ್ಣಿಗೂ ಬೀಳದಂತೆ ಅದನ್ನು ಒಳಗೆ ಸೇರಿಸಿಬಿಡುತ್ತಾರೆ. ಹತ್ತನೆಯ ನರೆಗಾಗಲಿ ನೂರನೆಯ ನರೆಗಾಗಲಿ ಇಂಥ ಮರ್ಯಾದೆ ದೊರೆಯುವುದಿಲ್ಲ. ಮೊದಲನೆಯದಕ್ಕೆ ಮಾತ್ರ ಈ ಸ್ವಾಗತ.

ನರೆ ಎಂಬುದು ನಮ್ಮ ಭಾಷೆಯ ಅತ್ಯಂತ ಹಳೆಯ ಮಾತುಗಳಲ್ಲಿ ಒಂದು. ತಮಿಳಿನಲ್ಲಿ ಅದು ನರೈ, ಮಲಯಾಳದಲ್ಲಿ ನರ. ನೆರೆಹೊರೆಯ ಭಾಷೆಗಳು ಕವಲೊಡೆಯುವ ಮುನ್ನವೇ ನಮ್ಮ ಹಿರಿಯರು ಈ ಬಿಳುಪನ್ನು ಗಮನಿಸಿ ಹೆಸರಿಟ್ಟಿದ್ದರೆಂಬುದು ಇದರಿಂದ ತಿಳಿಯುತ್ತದೆ. ಚರ್ಮದ ಸುಕ್ಕಿಗೆ ತೆರೆ ಎಂದರು. ಎರಡನ್ನೂ ಜೋಡಿಸಿ ‘ನರೆತೆರೆ’ ಎಂದರು. ಮುಪ್ಪು ಮೈಯನ್ನು ಪೂರ್ತಿಯಾಗಿ ವಶಪಡಿಸಿಕೊಳ್ಳುವ ಮುನ್ನವೇ ದೇವರನ್ನು ನೆನೆಯಬೇಕೆಂದು ಹನ್ನೆರಡನೆಯ ಶತಮಾನದಲ್ಲಿ ಬಸವಣ್ಣನವರು ಎಚ್ಚರಿಸಿದ ಪ್ರಸಿದ್ಧ ವಚನವೂ ನರೆಯ ಮಾತಿನಿಂದಲೇ ಆರಂಭವಾಗುತ್ತದೆ. ಆದರೆ ಮೊದಲ ನರೆಯ ಕಥೆ ಅದಕ್ಕಿಂತಲೂ ಬಹಳ ಹಿಂದಿನದು. ಆ ಕಥೆಯನ್ನು ಇತಿಹಾಸದ ದಾರಿಯಲ್ಲಿ ಸ್ವಲ್ಪ ದೂರ ಹಿಂಬಾಲಿಸೋಣ. ನಮ್ಮ ಮನೆಗಳಿಗೆ ಬೇಕಾದ ಮಾತೊಂದು ಅದರಲ್ಲಿದೆ.

ಚಿನ್ನದ ಚಿಮಟ

ಬೌದ್ಧರ ಜಾತಕ ಕಥೆಗಳಲ್ಲಿ ಮಖಾದೇವನೆಂಬ ಮಿಥಿಲೆಯ ಅರಸನ ಕಥೆಯಿದೆ. ಅವನು ತನ್ನ ಕ್ಷೌರಿಕನಿಗೆ ಒಂದು ಆಜ್ಞೆ ಮಾಡಿರುತ್ತಾನೆ: ನನ್ನ ತಲೆಯಲ್ಲಿ ನರೆಗೂದಲು ಕಂಡ ದಿನ ಮುಚ್ಚಿಡದೆ ನನಗೆ ತಿಳಿಸು. ವರ್ಷಗಳು ಉರುಳುತ್ತವೆ. ಒಂದು ದಿನ ಕಾಡಿಗೆಯಂಥ ಕಪ್ಪಿನ ನಡುವೆ ಬಿಳಿಯ ಎಳೆಯೊಂದು ಕ್ಷೌರಿಕನ ಕಣ್ಣಿಗೆ ಬೀಳುತ್ತದೆ. ಅವನು ತಿಳಿಸುತ್ತಾನೆ. ಅರಸನ ಅಪ್ಪಣೆಯಂತೆ ಚಿನ್ನದ ಚಿಮಟದಿಂದ ಅದನ್ನು ಕಿತ್ತು ಅವನ ಅಂಗೈಯಲ್ಲಿಡುತ್ತಾನೆ. ಕಥೆಯ ಲೆಕ್ಕದಲ್ಲಿ ಅರಸನಿಗೆ ಇನ್ನೂ 84,000 ವರ್ಷಗಳ ಆಯುಸ್ಸು ಉಳಿದಿದೆ. ಆದರೂ ಮೃತ್ಯುವು ಎದುರಿಗೆ ಬಂದು ನಿಂತಂತೆ ಅವನು ನಡುಗುತ್ತಾನೆ. ಹಿರಿಯ ಮಗನನ್ನು ಕರೆದು ರಾಜ್ಯವನ್ನು ಒಪ್ಪಿಸುತ್ತಾನೆ. ನಿನ್ನ ತಲೆಯಲ್ಲಿ ನರೆ ಕಂಡಾಗ ನೀನೂ ಹೀಗೆಯೇ ಮಾಡು ಎಂದು ಹೇಳಿ ಮಾವಿನ ತೋಪಿಗೆ ತಪಸ್ಸಿಗೆ ಹೊರಟುಹೋಗುತ್ತಾನೆ. ಸುದ್ದಿ ತಿಳಿಸಿದ ಕ್ಷೌರಿಕನಿಗೆ ಒಂದು ಊರನ್ನೇ ಉಂಬಳಿಯಾಗಿ ಕೊಡುತ್ತಾನೆ.

ಕ್ರಿಸ್ತಪೂರ್ವ ಎರಡನೆಯ ಶತಮಾನಕ್ಕೆ ಸೇರಿದ, ಇಂದಿನ ಮಧ್ಯಪ್ರದೇಶದಲ್ಲಿರುವ ಭಾರ್ಹುತ್ ಸ್ತೂಪದ ಕಲ್ಲಿನಲ್ಲಿ ಈ ಕಥೆಯ ಕೆತ್ತನೆಯಿದೆ; ಅದರ ಪಕ್ಕದಲ್ಲಿ ಬ್ರಾಹ್ಮೀ ಲಿಪಿಯಲ್ಲಿ ಜಾತಕದ ಹೆಸರೂ ಇದೆ. ಅಂದರೆ ಎರಡು ಸಾವಿರ ವರ್ಷಗಳಿಗೂ ಹಿಂದೆ, ಒಂದು ಕೂದಲು ಬೆಳ್ಳಗಾದ ಸಂಗತಿಯನ್ನು ಕಲ್ಲಿನಲ್ಲಿ ಕೊರೆದಿಡಬೇಕೆಂದು ಜನರಿಗೆ ತೋರಿತ್ತು. ಈ ಕಥೆಯ ಮೂರು ಅಂಶಗಳನ್ನು ನಾವು ನೆನಪಿಡಬೇಕು. ಮೊದಲನೆಯದು, ನರೆಯನ್ನು ಕಂಡವನು ಅರಸನಲ್ಲ, ಅವನ ತಲೆಯನ್ನು ಮುಟ್ಟುವ ಸೇವಕ. ನಮ್ಮ ವಯಸ್ಸು ನಮಗಿಂತ ಮುಂಚೆ ನಮ್ಮ ಹತ್ತಿರದವರಿಗೆ ಕಾಣುತ್ತದೆ. ಎರಡನೆಯದು, ಆ ಸುದ್ದಿ ಹೇಳಿದವನಿಗೆ ದೊರೆತದ್ದು ಶಿಕ್ಷೆಯಲ್ಲ, ಉಡುಗೊರೆ. ಮೂರನೆಯದು, ಅರಸನು ರಾಜ್ಯವನ್ನು ಬಿಟ್ಟುಕೊಟ್ಟದ್ದು ಶಕ್ತಿ ಮುಗಿದ ಮೇಲಲ್ಲ; ಶಕ್ತಿ ಇನ್ನೂ ಬೇಕಾದಷ್ಟು ಉಳಿದಿರುವಾಗ. ಈ ಸಂಪ್ರದಾಯವನ್ನು ತಲೆಮಾರಿನಿಂದ ತಲೆಮಾರಿಗೆ ಅವನ ವಂಶದವರು ಪಾಲಿಸಿದರೆಂದೂ ಕೊನೆಗೆ ಕಳಾರಜನಕನೆಂಬವನು ಅದನ್ನು ಮುರಿದನೆಂದೂ ಬೌದ್ಧರ ಮಜ್ಝಿಮನಿಕಾಯದಲ್ಲಿ ಹೇಳಿದೆ. ಸಂಪ್ರದಾಯವನ್ನು ಮುರಿದವನನ್ನು ಅಲ್ಲಿ ಆ ಪರಂಪರೆಯ ಕಡೆಯವನೆಂದು ಕರೆಯಲಾಗಿದೆ.

ಕನ್ನಡ ನಾಡಿನಲ್ಲಿ

ಇದೇ ಕಥೆಯ ಎಳೆ ಜೈನ ಕವಿಗಳ ಕೈಗೆ ಬಂದು ಕನ್ನಡದಲ್ಲಿ ಬೇರೂರಿತು. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಬರೆದನು. ಅದರಲ್ಲಿ ಉಜ್ಜಯಿನಿಯ ಅರಸ ಯಶೌಘನು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವಾಗ ನರೆಗೂದಲೊಂದನ್ನು ಕಾಣುತ್ತಾನೆ. ಅಷ್ಟಕ್ಕೇ ಅವನಿಗೆ ವೈರಾಗ್ಯ ಮೂಡುತ್ತದೆ. ಮಗ ಯಶೋಧರನಿಗೆ ಪಟ್ಟ ಕಟ್ಟಿ ತಪಸ್ಸಿಗೆ ತೆರಳುತ್ತಾನೆ. ಇದಕ್ಕೂ ಮುನ್ನ, 959ರಲ್ಲಿ ರಾಷ್ಟ್ರಕೂಟರ ಕಾಲದ ಸೋಮದೇವಸೂರಿಯು ಸಂಸ್ಕೃತದಲ್ಲಿ ರಚಿಸಿದ ‘ಯಶಸ್ತಿಲಕ ಚಂಪು’ವಿನಲ್ಲಿಯೂ ಇದೇ ಪ್ರಸಂಗವಿದೆ.

ಇದು ಕವಿಗಳ ಕಲ್ಪನೆ ಮಾತ್ರವಲ್ಲ. ಬದುಕಿದ್ದಾಗಲೇ ಸಿಂಹಾಸನವನ್ನು ಬಿಟ್ಟ ಅರಸರು ನಮ್ಮ ನಾಡಿನಲ್ಲಿ ನಿಜವಾಗಿಯೂ ಇದ್ದರು. ಒಂಬತ್ತನೆಯ ಶತಮಾನದಲ್ಲಿ ಅರುವತ್ತು ವರ್ಷಗಳಿಗೂ ಮೀರಿ ಆಳಿದ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನು ವಿವೇಕದಿಂದ ರಾಜ್ಯವನ್ನು ತ್ಯಜಿಸಿದನೆಂದು ಅವನ ಹೆಸರಿನಲ್ಲಿರುವ ‘ಪ್ರಶ್ನೋತ್ತರ ರತ್ನಮಾಲಿಕೆ’ ಹೇಳುತ್ತದೆ. ತಲಕಾಡಿನ ಗಂಗರಲ್ಲಿ ಪರಾಕ್ರಮಿಯೆಂದು ಹೆಸರಾದ ಇಮ್ಮಡಿ ಮಾರಸಿಂಹನು ರಾಜ್ಯವನ್ನು ಬಿಟ್ಟು ಬಂಕಾಪುರಕ್ಕೆ ಹೋಗಿ, ಗುರು ಅಜಿತಸೇನರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟನು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಕೂಗೆ ಬ್ರಹ್ಮದೇವರ ಕಂಬದಲ್ಲಿ ಅವನ ಯುದ್ಧಗಳ ಪಟ್ಟಿಯೂ ಇದೆ, ಆ ತ್ಯಾಗದ ವರದಿಯೂ ಇದೆ. ಗೆದ್ದದ್ದನ್ನೂ ಬಿಟ್ಟದ್ದನ್ನೂ ಒಂದೇ ಕಲ್ಲಿನಲ್ಲಿ ಬರೆಸುವಷ್ಟು ದೊಡ್ಡ ಮನಸ್ಸು ಆ ಕಾಲಕ್ಕಿತ್ತು.

ಆದರೆ ಜನ್ನನ ಕಾವ್ಯವನ್ನು ಮುಂದೆ ಓದಿದವರಿಗೆ ಒಂದು ಕಸಿವಿಸಿ ಉಂಟಾಗದಿರದು. ತಂದೆಯು ಕಾಡಿಗೆ ಹೋದ ಮೇಲೆ ಆ ಮನೆ ನೆಮ್ಮದಿಯಾಗಿ ಉಳಿಯಲಿಲ್ಲ. ಯಶೋಧರನ ರಾಣಿ ಅಮೃತಮತಿಯ ಮನಸ್ಸು ಮಾವುತನೊಬ್ಬನ ಕಡೆಗೆ ತಿರುಗಿತು. ದುಃಖಿತನಾದ ಮಗನಿಗೆ ತಾಯಿ ಚಂದ್ರಮತಿ ಪ್ರಾಣಿಬಲಿಯ ಶಾಂತಿಯನ್ನು ಸೂಚಿಸಿದಳು. ಅವನು ಒಪ್ಪದಿದ್ದಾಗ ಹಿಟ್ಟಿನ ಕೋಳಿಯನ್ನಾದರೂ ಬಲಿಕೊಡು ಎಂದಳು. ಕೊನೆಗೆ ತಾಯಿ ಮಗ ಇಬ್ಬರೂ ರಾಣಿಯಿಟ್ಟ ವಿಷಕ್ಕೆ ಬಲಿಯಾದರು. ಅಹಿಂಸೆಯ ಹಿರಿಮೆಯನ್ನು ಸಾರುವುದು ಕವಿಯ ಉದ್ದೇಶ, ಅದು ಸರಿ. ಆದರೂ ಮನೆಗಳನ್ನು ಕಂಡ ನನ್ನಂಥವನ ಓದಿಗೆ ಅದರಲ್ಲಿ ಇನ್ನೊಂದು ಮಾತೂ ಕೇಳಿಸುತ್ತದೆ. ಯಶೌಘನು ರಾಜ್ಯವನ್ನು ಒಪ್ಪಿಸಿದನು, ನಿಜ. ಆದರೆ ಒಪ್ಪಿಸಿದ ಮೇಲೆ ಮಗನ ಕಷ್ಟಕ್ಕೆ ಕಿವಿಗೊಡಲು ಅವನು ಅಲ್ಲಿರಲಿಲ್ಲ. ಒಪ್ಪಿಸುವುದು ಬೇರೆ, ಕೈಬಿಟ್ಟು ಹೋಗುವುದು ಬೇರೆ.

ಚುಂಚನಕಟ್ಟೆಯ ರಾಮ, ಅಯೋಧ್ಯೆಯ ದಶರಥ

ಮೊದಲ ನರೆಯ ಕಥೆಗಳಲ್ಲಿ ಅತಿ ಪ್ರಸಿದ್ಧವಾದದ್ದು ದಶರಥನದು. ಅದು ನಮ್ಮ ಸೀಮೆಗೆ ದೂರದ ಕಥೆಯೇನೂ ಅಲ್ಲ. ಹೊಸ ಅಗ್ರಹಾರ ಹೋಬಳಿಯವರಿಗೆ ಚುಂಚನಕಟ್ಟೆಯ ದನಗಳ ಜಾತ್ರೆಯನ್ನಾಗಲಿ, ಕಾವೇರಿಯ ಧುಮುಕುವಿಕೆಯನ್ನಾಗಲಿ, ಸೀತೆಯು ರಾಮನ ಬಲಗಡೆಗೆ ನಿಂತಿರುವ ಕೋದಂಡರಾಮನ ಗುಡಿಯನ್ನಾಗಲಿ ಪರಿಚಯಿಸಬೇಕಾಗಿಲ್ಲ. ಅದೇ ಕೃಷ್ಣರಾಜನಗರದ ಸೀಮೆಯ ಚಿಕ್ಕ ಹನಸೋಗೆಯಲ್ಲಿ ಚಂಗಾಳ್ವರ ಕಾಲದ ಬಸದಿಯಿದೆ. ಹನಸೋಗೆಯ ಬಸದಿಗಳು ದಶರಥನ ಮಗ ರಾಮನಿಂದ ಸ್ಥಾಪಿತವಾದವೆಂದು ಅಲ್ಲಿನ ಶಾಸನಗಳೇ ಹೇಳಿಕೊಂಡಿವೆ. ವೈದಿಕರೂ ಜೈನರೂ ಈ ನೆಲದಲ್ಲಿ ದಶರಥನ ಮನೆತನವನ್ನು ತಮ್ಮದೆಂದೇ ತಿಳಿದರು.

ಕಾಳಿದಾಸನು ‘ರಘುವಂಶ’ದಲ್ಲಿ ದಶರಥನ ಮುಪ್ಪನ್ನು ವರ್ಣಿಸುವ ಬಗೆ ಅಪೂರ್ವವಾದದ್ದು. ಮುಪ್ಪು ನರೆಯ ವೇಷ ಧರಿಸಿ ಅರಸನ ಕಿವಿಯ ಬಳಿಗೆ ಬಂದು, ಕೈಕೇಯಿಗೆ ಕೇಳಿಸೀತೆಂಬ ಭಯದಿಂದಲೋ ಎಂಬಂತೆ, ರಾಜ್ಯಲಕ್ಷ್ಮಿಯನ್ನು ರಾಮನಿಗೆ ಒಪ್ಪಿಸೆಂದು ಪಿಸುಗುಟ್ಟುತ್ತದೆ. ಹದಿನಾರನೆಯ ಶತಮಾನದ ತುಲಸೀದಾಸರೂ ಕನ್ನಡಿ ನೋಡಿಕೊಳ್ಳುತ್ತಿದ್ದ ದಶರಥನಿಗೆ ಕಿವಿಯ ಹತ್ತಿರವೇ ಬಿಳಿಗೂದಲನ್ನು ತೋರಿಸಿದರು. ಇದರಲ್ಲಿ ಕವಿಗಳ ಚಮತ್ಕಾರ ಮಾತ್ರವಲ್ಲ, ಕಣ್ಣಿನ ಎಚ್ಚರವೂ ಇದೆ: ಗಂಡಸರಲ್ಲಿ ನರೆ ಸಾಮಾನ್ಯವಾಗಿ ಮೊದಲು ಕಾಣಿಸಿಕೊಳ್ಳುವುದು ಕಿವಿಯ ಪಕ್ಕದಲ್ಲಿಯೇ. ಇನ್ನು ಜೈನ ಪರಂಪರೆಯ ವಿಮಲಸೂರಿಯ ಪ್ರಾಕೃತ ರಾಮಾಯಣದಲ್ಲಿ ದಶರಥನನ್ನು ಎಚ್ಚರಿಸುವುದು ಅವನ ಸ್ವಂತ ನರೆಯಲ್ಲ, ಅಂತಃಪುರದ ಮುದಿ ಕಂಚುಕಿ. ರಾಣಿಗೆ ಪವಿತ್ರ ಜಲವನ್ನು ಒಯ್ಯುವುದು ಅವನಿಂದ ತಡವಾಗುತ್ತದೆ. ತನ್ನ ದೇಹದ ದುರವಸ್ಥೆಯನ್ನು ಅವನು ಹೇಳಿಕೊಂಡಾಗ ಅರಸನ ಕಣ್ಣು ತೆರೆಯುತ್ತದೆ. ಇಲ್ಲಿಯೂ ಪಾಠ ಹೇಳುವವನು ಸೇವಕನೇ.

ದಶರಥನು ನರೆಯ ಮಾತನ್ನು ಕೇಳಿಸಿಕೊಂಡನು. ಹಾಗಿದ್ದ ಮೇಲೆ ಅವನ ಮನೆ ಏಕೆ ಒಡೆಯಿತು? ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡವನ್ನು ನಿಧಾನವಾಗಿ ಓದಿದರೆ ಉತ್ತರ ಅಲ್ಲಿಯೇ ಸಿಗುತ್ತದೆ. ಶ್ವೇತಚ್ಛತ್ರದ ನೆರಳಿನಲ್ಲಿ ತನ್ನ ಶರೀರ ಜೀರ್ಣವಾಯಿತೆಂದು ಮುದಿ ಅರಸನು ಸಭೆಯ ಮುಂದೆ ಹೇಳಿಕೊಳ್ಳುತ್ತಾನೆ. ಸಭೆ ಸಂತೋಷದಿಂದ ಒಪ್ಪುತ್ತದೆ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಆಮೇಲೆ ಆತುರ ಹೊಕ್ಕಿತು. ಪಟ್ಟಾಭಿಷೇಕವು ಮರುದಿನವೇ ಆಗಬೇಕು. ಅವಸರದಲ್ಲಿ ಕೇಕಯರಾಜನಿಗೂ ಜನಕನಿಗೂ ಕರೆಹೋಗಲಿಲ್ಲ. ಭರತನು ಸೋದರಮಾವನ ಮನೆಯಲ್ಲಿದ್ದಾನೆ. ಅವನು ಊರಿಗೆ ಬರುವ ಮೊದಲೇ ಅಭಿಷೇಕ ಮುಗಿಯುವುದು ಒಳ್ಳೆಯದೆಂದು ದಶರಥನು ರಾಮನಿಗೆ ತಾನೇ ಹೇಳುತ್ತಾನೆ. ಒಬ್ಬ ಮಗನ ಬೆನ್ನ ಹಿಂದೆ ಇನ್ನೊಬ್ಬ ಮಗನಿಗೆ ಒಪ್ಪಿಸುವ ಈ ರಾತ್ರಿಯಲ್ಲೇ ಮಂಥರೆಯ ಮಾತಿಗೆ ಕಿವಿ ಸಿಕ್ಕಿತು. ದಾನ ಒಳ್ಳೆಯದಾಗಿತ್ತು, ಪಡೆಯುವವನು ಯೋಗ್ಯನಾಗಿದ್ದನು, ಜನರೂ ಒಪ್ಪಿದ್ದರು. ಕೊಟ್ಟ ರೀತಿಯಲ್ಲಿ ಮಾತ್ರ ಎಲ್ಲರೂ ಸೇರಿರಲಿಲ್ಲ. ಆ ಒಂದು ಕೊರತೆಯ ಬೆಲೆ ಹದಿನಾಲ್ಕು ವರ್ಷಗಳ ವನವಾಸ, ಮುದಿ ತಂದೆಯ ಮರಣ.

ಕಪ್ಪು ಬಳಿಯುವ ಪ್ರಯತ್ನಗಳು

ನರೆಯ ಸಂದೇಶವನ್ನು ಎಲ್ಲರೂ ಕೇಳಲು ಬಯಸಿದರೆಂದು ತಿಳಿಯಬೇಕಾಗಿಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ‘ಬೃಹತ್ಸಂಹಿತೆ’ಯ ಸುಗಂಧದ್ರವ್ಯಗಳ ಅಧ್ಯಾಯವನ್ನು ಆರಂಭಿಸುವುದೇ ಕೂದಲಿಗೆ ಬಣ್ಣ ಕಟ್ಟುವ ವಿಧಾನದಿಂದ. ತಲೆ ಬೆಳ್ಳಗಾದವನಿಗೆ ಹೂಮಾಲೆ, ಒಡವೆ, ಪರಿಮಳಗಳು ಶೋಭಿಸುವುದಿಲ್ಲವೆಂಬುದು ಅವನು ಕೊಡುವ ಕಾರಣ. ಕಬ್ಬಿಣದ ಪಾತ್ರೆಯಲ್ಲಿ ಹುಳಿಯೊಡನೆ ಧಾನ್ಯವನ್ನು ಬೇಯಿಸಿ, ಲೋಹದ ಪುಡಿ ಬೆರೆಸಿ ಅರೆದು ತಲೆಗೆ ಹಚ್ಚುವ ಕ್ರಮವನ್ನು ಅವನು ವಿವರಿಸುತ್ತಾನೆ. ನಮ್ಮ ಅಜ್ಜಿಯರು ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ, ಗೋರಂಟಿಗಳನ್ನು ನೆನೆಹಾಕುತ್ತಿದ್ದುದು ಇದೇ ಜಾತಿಯ ತಿಳಿವಳಿಕೆ. 1907ರಲ್ಲಿ ಫ್ರಾನ್ಸಿನ ಯುವ ರಸಾಯನಶಾಸ್ತ್ರಜ್ಞ ಯೂಜೀನ್ ಶೂಲರ್ ಕೃತಕ ಕೂದಲ ಬಣ್ಣವನ್ನು ತಯಾರಿಸಿದ ಮೇಲೆ ಆ ಕೆಲಸ ಕಾರ್ಖಾನೆಗೆ ಹೋಯಿತು. ಇಂದು ಅದು ಸಂತೆಯ ಅಂಗಡಿಯಲ್ಲಿಯೂ ಪುಟ್ಟ ಪೊಟ್ಟಣದಲ್ಲಿ ದೊರೆಯುತ್ತದೆ.

ಬಣ್ಣ ಹಚ್ಚುವವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಮದುವೆಯಾಗಬೇಕಾದ ಮಗಳ ತಂದೆ, ಕೆಲಸದ ಸಂದರ್ಶನಕ್ಕೆ ಹೋಗುವ ನಡುವಯಸ್ಸಿನ ತಾಯಿ, ಇವರಿಗೆ ಅವರವರ ಕಾರಣಗಳಿರುತ್ತವೆ. ಚರ್ಮಕ್ಕೆ ಒಗ್ಗುತ್ತದೆಯೇ ಎಂದು ಮೊದಲು ಸ್ವಲ್ಪವೇ ಹಚ್ಚಿ ನೋಡಿಕೊಳ್ಳುವ ಎಚ್ಚರವಿದ್ದರೆ ಸಾಕು. ಬಣ್ಣವು ಕೂದಲಿಗೆ ಮಾತ್ರ ಹತ್ತಬೇಕು, ಬುದ್ಧಿಗೆ ಹತ್ತಬಾರದು.

ಕೂದಲು ಏಕೆ ಬೆಳ್ಳಗಾಗುತ್ತದೆಂಬುದರ ಬಗ್ಗೆ ವಿಜ್ಞಾನಿಗಳು ಈಗ ಸಾಕಷ್ಟು ತಿಳಿದಿದ್ದಾರೆ. ಕೂದಲಿನ ಬುಡದಲ್ಲಿರುವ ವರ್ಣಕೋಶಗಳು ಮೆಲನಿನ್ ಎಂಬ ಬಣ್ಣದ ವಸ್ತುವನ್ನು ತಯಾರಿಸಿ ಬೆಳೆಯುವ ಕೂದಲಿಗೆ ತುಂಬುತ್ತವೆ. ಆ ಕೋಶಗಳನ್ನು ಹುಟ್ಟಿಸುವ ಮೂಲಕೋಶಗಳ ದಾಸ್ತಾನು ವಯಸ್ಸಾದಂತೆ ಕರಗುವುದೇ ನರೆಗೆ ಕಾರಣವೆಂದು 2005ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ತೀವ್ರ ಒತ್ತಡವು ನರಗಳ ಮೂಲಕ ಈ ದಾಸ್ತಾನನ್ನು ಬೇಗನೆ ಬರಿದುಮಾಡುತ್ತದೆಂದು 2020ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇಲಿಗಳಲ್ಲಿ ಕಂಡುಕೊಂಡರು. ಚಿಂತೆಯಿಂದ ತಲೆ ನರೆಯಿತು ಎಂಬ ಹಳೆಯ ಮಾತು ಸುಳ್ಳಲ್ಲ. ಬಹಳ ಚಿಕ್ಕ ವಯಸ್ಸಿನಲ್ಲಿ ನರೆ ಕಂಡರೆ ಅದು ಹೆಚ್ಚಾಗಿ ವಂಶದ ಕೊಡುಗೆ. ಕೆಲವರಲ್ಲಿ ಮಾತ್ರ ಬಿ12 ಜೀವಸತ್ವದ ಕೊರತೆಯೋ ಥೈರಾಯ್ಡ್ ತೊಂದರೆಯೋ ಇರುವುದರಿಂದ ವೈದ್ಯರನ್ನು ಕಾಣುವುದು ಒಳ್ಳೆಯದು.

ಒಂದು ಲೆಕ್ಕವನ್ನು ಮಾತ್ರ ಇಲ್ಲಿ ಹೇಳಬೇಕು. ತಲೆಗೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ನಾವು ಕಿತ್ತು ನೋಡುವ ಬಿಳಿಯ ಎಳೆ ಆರು ಸೆಂಟಿಮೀಟರ್ ಉದ್ದವಿದ್ದರೆ, ಅದು ಬೆಳ್ಳಗಾಗತೊಡಗಿ ಅರ್ಧ ವರ್ಷವೇ ಆಯಿತು. ಇಂದು ಬಂತೆಂದು ನಾವು ಗಾಬರಿಗೊಳ್ಳುವ ಅತಿಥಿ ಆರು ತಿಂಗಳಿಂದ ಮನೆಯಲ್ಲೇ ಇದ್ದಾನೆ. ಇಸ್ರಯೇಲಿನ ಪ್ರವಾದಿ ಹೊಶೇಯನು ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿಯೇ ತನ್ನ ಜನರ ಬಗ್ಗೆ ಇದೇ ನೋವನ್ನು ತೋಡಿಕೊಂಡನು: ಅವರ ತಲೆಯಲ್ಲಿ ಅಲ್ಲಲ್ಲಿ ನರೆ ಮೂಡಿದ್ದರೂ ಅದು ಅವರ ಅರಿವಿಗೆ ಬಂದಿಲ್ಲವೆಂದು. ಅವನ ದೃಷ್ಟಿಯಲ್ಲಿ ದುರಂತವಿದ್ದದ್ದು ನರೆಯಲ್ಲಲ್ಲ, ಕಾಣದಿರುವುದರಲ್ಲಿ.

ಕಾಡಿಗೆ ಹೋಗದೆ ಬಿಟ್ಟುಕೊಡುವುದು

ಹಿಂದಿನ ಅರಸರಿಗೆ ಕಾಡಿತ್ತು. ನರೆ ಕಂಡಿತು, ಕಿರೀಟ ಇಳಿಸಿದರು, ಹೊರಟುಹೋದರು. ಮಗನು ಹೇಗೆ ಆಳುತ್ತಾನೆಂದು ಪ್ರತಿದಿನ ನೋಡಬೇಕಾದ ಸಂಕಟ ಅವರಿಗಿರಲಿಲ್ಲ. ನಮ್ಮ ಮನೆಯ ಹಿರಿಯರಿಗೆ ಹಾಗೆ ಹೊರಡುವ ದಾರಿಯಿಲ್ಲ. ಬೆಳಿಗ್ಗೆ ಎದ್ದರೆ ಅದೇ ಜಗಲಿ, ಅದೇ ಕೊಟ್ಟಿಗೆ, ಅದೇ ಗದ್ದೆ. ಕಣ್ಣೆದುರಿಗೇ ಮಗನು ತನಗೆ ತೋಚಿದಂತೆ ನಾಟಿ ಮಾಡಿಸುತ್ತಾನೆ, ಸೊಸೆ ತನಗೆ ಬಂದಂತೆ ಸಾರಿಗೆ ಹುಳಿ ಹಾಕುತ್ತಾಳೆ. ನೋಡುತ್ತ ಕುಳಿತು ಸುಮ್ಮನಿರುವುದು, ಕೇಳಿದಾಗ ಮಾತ್ರ ಹೇಳುವುದು, ಹೇಳಿದ್ದನ್ನು ಅವರು ಮಾಡದಿದ್ದರೂ ಮುಖ ಗಂಟಿಕ್ಕದಿರುವುದು, ಇದು ಕಾಡಿನ ತಪಸ್ಸಿಗಿಂತ ಕಠಿಣ.

ಈ ಕಠಿಣ ತಪಸ್ಸಿಗೆ ನಮ್ಮ ಕಾಲದಲ್ಲಿಯೇ ಒಂದು ದೊಡ್ಡ ನಿದರ್ಶನ ದೊರೆಯಿತು. 2013ರ ಫೆಬ್ರವರಿ 11ರಂದು ಜಗದ್ಗುರು ಹದಿನಾರನೆಯ ಬೆನೆಡಿಕ್ಟರು, ವಯಸ್ಸಿನಿಂದ ತಮ್ಮ ಶಕ್ತಿ ಕುಂದಿರುವುದನ್ನು ತಾವೇ ಒಪ್ಪಿಕೊಂಡು, ಪೀಠತ್ಯಾಗವನ್ನು ಪ್ರಕಟಿಸಿದರು. 1415ರಲ್ಲಿ ಹನ್ನೆರಡನೆಯ ಗ್ರೆಗೊರಿಯವರು ಪೀಠ ಬಿಟ್ಟ ಮೇಲೆ ಸುಮಾರು ಆರು ನೂರು ವರ್ಷಗಳಲ್ಲಿ ಅಂಥ ಘಟನೆ ನಡೆದಿರಲಿಲ್ಲ. ಅವರು ದೂರದ ಬೆಟ್ಟಕ್ಕೆ ಹೋಗಿ ನೆಲೆಸಲಿಲ್ಲ. ವ್ಯಾಟಿಕನ್ನಿನ ಒಳಗೇ ಇದ್ದ ಮಠವೊಂದರಲ್ಲಿ, ತಮ್ಮ ಉತ್ತರಾಧಿಕಾರಿ ಫ್ರಾನ್ಸಿಸರ ನೆರೆಯಲ್ಲೇ, 2022ರ ಡಿಸೆಂಬರ್ 31ರಂದು ತೀರಿಕೊಳ್ಳುವವರೆಗೆ ಪ್ರಾರ್ಥನೆಯಲ್ಲಿ ಬದುಕಿದರು. ಧರ್ಮಾಧ್ಯಕ್ಷರು 75 ವರ್ಷ ತುಂಬಿದಾಗ ರಾಜೀನಾಮೆಯನ್ನು ಸಲ್ಲಿಸಬೇಕೆಂದು 1983ರ ಧರ್ಮಸಭೆಯ ಕಾನೂನುಸಂಹಿತೆ ಕೋರುತ್ತದೆ. ಧರ್ಮಕೇಂದ್ರದ ಗುರುಗಳಿಗೂ ಅದೇ ವಯಸ್ಸನ್ನು ಹೇಳಿದೆ. ಚಿಮಟ ಹಿಡಿದ ಕ್ಷೌರಿಕನ ಕೆಲಸವನ್ನು ಇಲ್ಲಿ ಕಾನೂನು ಮಾಡುತ್ತದೆ.

ಮನೆಗಳಿಗೆ ಅಂಥ ಕಾನೂನಿಲ್ಲ. ಅದರ ಪರಿಣಾಮವನ್ನು ನಮ್ಮ ತಾಲ್ಲೂಕು ಕಚೇರಿಗಳಲ್ಲಿ ಕಾಣಬಹುದು. ಪವತಿ ಖಾತೆ ಎಂಬ ಮಾತನ್ನು ರೈತರೆಲ್ಲರೂ ಬಲ್ಲರು. ತೀರಿಹೋದವರ ಹೆಸರಿನಲ್ಲೇ ಪಹಣಿ ಉಳಿದುಬಿಟ್ಟಿರುವ ಜಮೀನುಗಳನ್ನು ವಾರಸುದಾರರ ಹೆಸರಿಗೆ ತರಲು ಕಂದಾಯ ಇಲಾಖೆಯು ಆಂದೋಲನವನ್ನೇ ನಡೆಸಬೇಕಾಯಿತು. ಅಜ್ಜನ ಹೆಸರಿನ ಗದ್ದೆಯನ್ನು ಮೊಮ್ಮಕ್ಕಳು ಉಳುತ್ತಿರುವ, ಅಪ್ಪನ ಹೆಸರಿನ ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ನರೆತ ಮಗನು ಸೌದೆ ಒಟ್ಟುತ್ತಿರುವ ಮನೆಗಳು ಹುಣಸೂರು, ಪಿರಿಯಾಪಟ್ಟಣಗಳ ಕಡೆ ಅಪರೂಪವಲ್ಲ. ಅಪ್ಪನಿಗೆ ಕೇಳುವ ಧೈರ್ಯ ಮಗನಿಗಿಲ್ಲ. ಹೇಳುವ ಮನಸ್ಸು ಅಪ್ಪನಿಗಿಲ್ಲ. ಕೊನೆಗೆ ಅಪ್ಪನ ಸಮಾಧಿಯ ಮಣ್ಣು ಆರುವ ಮುನ್ನವೇ ಅಣ್ಣತಮ್ಮಂದಿರು ವಕೀಲರ ಮನೆಯ ಬಾಗಿಲಲ್ಲಿ ಭೇಟಿಯಾಗುತ್ತಾರೆ. ಅಕ್ಕತಂಗಿಯರನ್ನು ಕೇಳುವವರೇ ಇರುವುದಿಲ್ಲ. ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಉಯಿಲು ಬರೆಯದೆ ತೀರಿಕೊಂಡವನ ಆಸ್ತಿಯಲ್ಲಿ ಮೂರನೆಯ ಒಂದು ಭಾಗವನ್ನು ವಿಧವೆಗೂ, ಉಳಿದದ್ದನ್ನು ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೂ ಕೊಡುತ್ತದೆಂಬುದು ಎಷ್ಟೋ ಮನೆಗಳಲ್ಲಿ ಆಮೇಲೆಯೇ ತಿಳಿಯುತ್ತದೆ.

ಹಿರಿಯರ ಹಿಂಜರಿಕೆಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. ಎಲ್ಲವನ್ನೂ ಬರೆದುಕೊಟ್ಟ ಮರುವರ್ಷ ಒಂದು ಲೋಟ ಕಾಫಿಗೆ ಸೊಸೆಯ ಮುಖ ನೋಡಬೇಕಾದ ಮುದುಕರ ಕಣ್ಣೀರು ಕಟ್ಟುಕಥೆಯಲ್ಲ. ಊರು ಹೋಗು ಅನ್ನುತ್ತದೆ, ಕಾಡು ಬಾ ಅನ್ನುತ್ತದೆ ಎಂಬ ಗಾದೆ ಹುಟ್ಟಿದ್ದು ಇಂಥ ಅನುಭವದಿಂದಲೇ. ಅದಕ್ಕೆಂದೇ 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯ 23ನೆಯ ಪ್ರಕರಣವಿದೆ. ನಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಗಳ ಮುಂದೆ ಕೇಳಬಹುದು. ನಮ್ಮ ತಾಲ್ಲೂಕುಗಳವರಿಗೆ ಆ ಕಚೇರಿ ಹುಣಸೂರಿನಲ್ಲಿದೆ. ಆದ್ದರಿಂದ ದಾನಪತ್ರದಲ್ಲಿ ಆ ಷರತ್ತನ್ನು ಸ್ಪಷ್ಟವಾಗಿ ಬರೆಸುವುದು ಅಪನಂಬಿಕೆಯಲ್ಲ, ವಿವೇಕ. ಬಿಟ್ಟುಕೊಡುವುದೆಂದರೆ ಬೀದಿಗೆ ಬರುವುದಲ್ಲ.

ಇನ್ನೊಂದು ಸತ್ಯವೂ ಇದೆ. ಹೊಲಮನೆಗಳ ಬಿಟ್ಟುಕೊಡುವಿಕೆಗೆ ಪತ್ರ ಬೇಕು. ಬದುಕಿನಲ್ಲಿ ಬಿಟ್ಟುಕೊಡಬೇಕಾದ ಬಹುಪಾಲಿಗೆ ಪತ್ರವೇ ಬೇಡ. ಬೀರುವಿನ ಬೀಗದ ಕೈ, ಅಡುಗೆಮನೆಯ ಯಜಮಾನಿಕೆ, ಮಕ್ಕಳ ಮದುವೆಯಲ್ಲಿ ಕೊನೆಯ ಮಾತು, ಸಂಘದ ಅಧ್ಯಕ್ಷಸ್ಥಾನ, ಹಬ್ಬದ ದಿನ ಮೊದಲ ಸಾಲಿನ ಕುರ್ಚಿ, ಇಪ್ಪತ್ತು ವರ್ಷಗಳಿಂದ ತಮ್ಮನ ಮೇಲೆ ಇಟ್ಟುಕೊಂಡ ಹಗೆ. ಮೊದಲ ನರೆ ಕಾಣುವಾಗ ನಮಗೆ ಮೂವತ್ತೈದೋ ನಲವತ್ತೋ ಆಗಿರುತ್ತದೆ. ಆಸ್ತಿ ಹಂಚುವ ಕಾಲ ಅದಲ್ಲ. ಆದರೆ ಹಂಚಲು ಕಲಿಯುವ ಕಾಲ ಅದೇ. ಎಂಬತ್ತರಲ್ಲಿ ಒಮ್ಮೆಗೇ ಬಿಡಲಾಗದ್ದನ್ನು ನಲವತ್ತರಿಂದ ಒಂದೊಂದಾಗಿ ಬಿಡಬಹುದು. ಮಗನಿಗೆ ಒಂದು ಮಡಿ ಗದ್ದೆಯನ್ನು ಕೊಟ್ಟು ಈ ವರ್ಷ ನಿನ್ನಿಷ್ಟದಂತೆ ಬೆಳೆ ಎನ್ನಬಹುದು. ಮಗಳನ್ನು ಬ್ಯಾಂಕಿಗೆ ಕರೆದೊಯ್ದು ಮನೆಯ ಲೆಕ್ಕ ತೋರಿಸಬಹುದು. ತಪ್ಪು ಮಾಡಿದರೆ ತಿದ್ದಲು ಆಗ ನಾವಿರುತ್ತೇವೆ. ಯಶೌಘನ ಮಗನಿಗೆ ಸಿಗದಿದ್ದ ಭಾಗ್ಯ ಅದು.

ನರೆಯಿಲ್ಲದ ಮುದುಕ

ತಮಿಳಿನ ಪ್ರಾಚೀನ ಸಂಗಂ ಸಾಹಿತ್ಯದ ‘ಪುರನಾನೂರು’ ಸಂಗ್ರಹದಲ್ಲಿ ಪಿಸಿರಾಂದೈಯಾರ್ ಎಂಬ ಕವಿಯ ಪದ್ಯವೊಂದಿದೆ. ಇಷ್ಟು ವಯಸ್ಸಾದರೂ ನಿಮಗೆ ನರೆಯಿಲ್ಲವೇಕೆಂದು ಕೇಳಿದವರಿಗೆ ಅವನು ಉತ್ತರ ಕೊಡುತ್ತಾನೆ. ಅವನು ಯಾವ ಎಣ್ಣೆಯನ್ನೂ ಹೇಳುವುದಿಲ್ಲ. ಗುಣವಂತಳಾದ ಹೆಂಡತಿ, ತಿಳಿವಳಿಕೆಯ ಮಕ್ಕಳು, ತನ್ನ ಮನಸ್ಸನ್ನರಿತು ನಡೆಯುವ ಕೆಲಸದವರು, ಅನ್ಯಾಯವೆಸಗದ ಅರಸ, ಇವರ ಜೊತೆಗೆ ತಾನಿರುವ ಊರಿನಲ್ಲಿ ಅರಿವೂ ವಿನಯವೂ ತುಂಬಿದ ಹಿರಿಯರು ಹಲವರಿದ್ದಾರೆ. ಅದಕ್ಕೆಂದೇ ನರೆಯಿಲ್ಲ ಎನ್ನುತ್ತಾನೆ. ಒಬ್ಬನ ತಲೆ ಕಪ್ಪಾಗಿರಬೇಕಾದರೆ ಇಡೀ ಊರು ಒಳ್ಳೆಯದಾಗಿರಬೇಕೆಂದು ಅವನ ಅಭಿಪ್ರಾಯ. ಮೂಲಕೋಶಗಳ ವಿಜ್ಞಾನ ಅವನಿಗೆ ತಿಳಿದಿರಲಿಲ್ಲ. ಚಿಂತೆಗೂ ನರೆಗೂ ಇರುವ ನಂಟು ತಿಳಿದಿತ್ತು. ಮನೆಯಲ್ಲಿ ಕಿರಿಯರನ್ನು ನಂಬಿ ನಿಶ್ಚಿಂತರಾಗಿರುವ ಹಿರಿಯರೂ, ಹಿರಿಯರ ಮನಸ್ಸನ್ನರಿತ ಕಿರಿಯರೂ ಇದ್ದರೆ ನರೆ ಬಂದರೂ ಅದು ಭಾರವಾಗುವುದಿಲ್ಲ.

ಪವಿತ್ರ ಬೈಬಲ್ಲಿನ ಜ್ಞಾನೋಕ್ತಿಗಳ ಗ್ರಂಥ ನರೆಯನ್ನು ಕಿರೀಟಕ್ಕೆ ಹೋಲಿಸುತ್ತದೆ. ಆದರೆ ಆ ಕಿರೀಟ ದೊರೆಯುವುದು ಸನ್ಮಾರ್ಗದಲ್ಲಿ ನಡೆದವರಿಗೆ ಎಂಬ ಮಾತನ್ನೂ ಸೇರಿಸುತ್ತದೆ. ಸೊಲೊಮೋನನ ಜ್ಞಾನಗ್ರಂಥ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವರ್ಷಗಳ ಎಣಿಕೆಯಲ್ಲ, ವಿವೇಕವೇ ನಿಜವಾದ ನರೆ ಎಂದು ತಿಳಿಸುತ್ತದೆ. ಯಶೌಘನಿಗೆ, ಮಾರಸಿಂಹನಿಗೆ, ದಶರಥನಿಗೆ ನರೆಯೊಡನೆ ಇಳಿಸಬೇಕಾದ ಕಿರೀಟವೊಂದಿತ್ತು. ನಮ್ಮಂಥ ಸಾಮಾನ್ಯರಿಗೆ ಆ ಹೊತ್ತಿಗೆ ದೊರೆಯುವ ಮೊದಲ ಕಿರೀಟವೇ ನರೆ.

ಭತ್ತದ ಕಣಜವೆಂದು ಹೆಸರಾದ ನಮ್ಮ ಸೀಮೆಯ ರೈತನಿಗೆ ಈ ವಿಷಯವನ್ನು ಇಷ್ಟು ಉದ್ದವಾಗಿ ಹೇಳಬೇಕಾಗಿಲ್ಲ. ಹಸಿರು ಗದ್ದೆಯಲ್ಲಿ ಮೊದಲ ತೆನೆ ಬಣ್ಣ ತಿರುಗಿದಾಗ ಅವನು ಅಳುವುದಿಲ್ಲ, ಅದಕ್ಕೆ ಹಸಿರು ಬಳಿಯಲು ಹೋಗುವುದೂ ಇಲ್ಲ. ನೀರು ಬಸಿಯಲು ಬಿಡುತ್ತಾನೆ, ಕುಡುಗೋಲು ಮಸೆಯುತ್ತಾನೆ, ಕಣ ಸಾರಿಸುತ್ತಾನೆ, ಆಳುಗಳಿಗೆ ಹೇಳಿಕಳುಹಿಸುತ್ತಾನೆ. ಕುಯ್ಲು ತಡವಾದರೆ ಕಾಳು ಗದ್ದೆಯಲ್ಲೇ ಉದುರಿಹೋಗುತ್ತದೆಂದು ಅವನಿಗೆ ಗೊತ್ತು.